ನೀರಿನ ಮೇಲೆ ಕುಂಟೆ

ನಮ್ಮ ಊರಿಗೂ ಮುನವಳ್ಳಿಗೂ ನಡುವೆ ಇರುವುದು ಹಿನ್ನೀರು. ಅಣೆಕಟ್ಟು ತುಂಬಿದ ವರ್ಷ ಆಚೆ ದಂಡೆಯ ಮನೆಗಳು ಬೆಂಕಿಪೊಟ್ಟಣದಷ್ಟು ಕಾಣುತ್ತವೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ, ಅಲ್ಲಿ ಮೇಯುವ ಎಮ್ಮೆ ಯಾರದೆಂದು ಇಲ್ಲಿಂದಲೇ ಹೇಳಬಹುದು. ರಸ್ತೆಯೂ ಇದೆ, ಆದರೆ ಸುತ್ತಿ ಬಳಸಿ ಹೋಗುತ್ತದೆ. ಬಸ್ಸು ಬೆಳಗ್ಗೆ ಒಂದು, ಸಂಜೆ ಒಂದು. ನಡುವೆ ಯಾರಿಗಾದರೂ ಆಚೆ ಹೋಗುವುದಿದ್ದರೆ ಸತ್ಯಪ್ಪ ಕಾಕಾನ ದೋಣಿಯೇ ಗತಿ.

ನನ್ನ ತವರು ರಾಮದುರ್ಗ ತಾಲೂಕಿನ ಸಾಲಹಳ್ಳಿ. ಅಲ್ಲಿ ನನಗೆ ದೋಣಿ ಎಂದರೆ ಸಾಲಿಯ ಪುಸ್ತಕದ ಚಿತ್ರ, ಅಷ್ಟೇ. ಮದುವೆಯಾಗಿ ಬಂದ ಹೊಸದರಲ್ಲಿ ದೋಣಿಯೊಳಗೆ ಕಾಲಿಟ್ಟ ಕೂಡಲೇ ಅಂಚನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದು ಕೂರುತ್ತಿದ್ದೆ. ಕಾಕಾ ಹುಟ್ಟು ಹಾಕುತ್ತಾ ಅದನ್ನು ನೋಡಿ, "ಯವ್ವಾ, ನೀ ಹಿಡಕೊಂಡ್ರೂ ಇದು ತೇಲತೈತಿ, ಬಿಟ್ರೂ ತೇಲತೈತಿ. ಕೈಗೆ ಯಾಕ ತ್ರಾಸ ಕೊಡ್ತಿ?" ಅಂದಿದ್ದರು. ಅವತ್ತಿನಿಂದ ಅವರು ನನಗೆ ಕಾಕಾ.

ಕಾಕಾನ ಮನೆತನದಲ್ಲಿ ಹಿಂದೆ ಯಾರೂ ದೋಣಿ ನಡೆಸಿದವರಲ್ಲ. ಅವರ ಅಪ್ಪ ಬೇರೆಯವರ ಹೊಲದಲ್ಲಿ ರಂಟೆ ಹೊಡೆದು ಉತ್ತವರು. ಆ ಹೊಲಗಳೆಲ್ಲ ಈಗ ನೀರಿನ ಕೆಳಗಿವೆ, ಸರಿಯಾಗಿ ದೋಣಿ ಹೋಗುವ ದಾರಿಯಲ್ಲೇ. ಕಾಕಾ ಕೂಡ ಹುಡುಗನಾಗಿದ್ದಾಗಿಂದ ಎತ್ತಿನ ಹಿಂದೆ ನಡೆದವರೇ. ಊರಿಗೆ ಟ್ರ್ಯಾಕ್ಟರ್ ಬಂದು ಎತ್ತುಗಳು ಕಡಿಮೆಯಾದ ಮೇಲೆ ಮೀನುಗಾರರ ಸೊಸೈಟಿ ಸೇರಿ ದೋಣಿ ಹಿಡಿದರು. ಈಜು ಕಲಿತದ್ದೂ ಆಮೇಲೆಯೇ, ಮದುವೆಯಾಗಿ ಮಕ್ಕಳಾದ ಮೇಲೆ, ಟ್ರ್ಯಾಕ್ಟರಿನ ಟ್ಯೂಬನ್ನು ಹೊಟ್ಟೆಗೆ ಸಿಕ್ಕಿಸಿಕೊಂಡು. ಹೆಂಡತಿ ಶೆಟ್ಟೆವ್ವ ದಂಡೆಯ ಮೇಲೆ ಕೂತು ಮೀನು ಆರಿಸಿ ಮಾರುತ್ತಾರೆ. ಆ ಟ್ಯೂಬಿನ ಕತೆಯನ್ನು ಹೊಸಬರು ಸಿಕ್ಕಾಗಲೆಲ್ಲ ಹೇಳುತ್ತಾರೆ. "ಟ್ರ್ಯಾಕ್ಟರ್ ಇವ್ರ ಕೆಲಸಾ ಕಸಗೊಂತು, ಟ್ಯೂಬ್ ಕೊಟ್ಟ ಕಳಿಸ್ತು" ಅನ್ನುತ್ತಾರೆ. ಕಾಕಾ ಕೇಳಿಸಿದರೂ ಕೇಳಿಸದ ಹಾಗೆ ಹಗ್ಗ ಸುತ್ತುತ್ತಿರುತ್ತಾರೆ.

ನಾನು ಮುನವಳ್ಳಿಯಲ್ಲಿ ಅನ್ನಪೂರ್ಣಾ ಅಕ್ಕನ ಹೊಲಿಗೆ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಸಾಲಿ ಮಕ್ಕಳ ಯೂನಿಫಾರ್ಮು ಹೊಲಿಯುವ ಕೆಲಸ. ಹೆರಿಗೆಯ ಮೇಲೆ ಮನೆಯಲ್ಲೇ ಇದ್ದೆ. ಕೂಸಿಗೆ ಐದು ತಿಂಗಳು ತುಂಬಿದ ಮೇಲೆ ಮತ್ತೆ ಮಿಷನ್ ಮುಂದೆ ಕೂತೆ. ನನ್ನ ಗಂಡ ಶ್ರೀಶೈಲ ಸವದತ್ತಿಯ ಮಾರ್ಕೆಟ್ಟಿನಲ್ಲಿ ಗಾಡಿ ಓಡಿಸುತ್ತಾರೆ, ಬೆಳಗ್ಗೆ ಹೋದರೆ ಸಂಜೆಗೆ ಬರುವುದು. ಕೂಸನ್ನು ನೋಡಿಕೊಳ್ಳುವವರು ಅತ್ತೆ ಕೆಂಚವ್ವ. ಅವರು ಒಲ್ಲೆನೆನ್ನಲಿಲ್ಲ, ಖುಷಿಯಿಂದಲೇ ಒಪ್ಪಿದರು. ಒಪ್ಪದಿದ್ದದ್ದು ಕೂಸು. ಬಾಟಲಿ ಬಾಯಿಗೆ ಹಿಡಿದರೆ ಮುಖ ತಿರುವುತ್ತಿದ್ದಳು. ಚಮಚದಲ್ಲಿ ಹಾಕಿದ ಹಾಲನ್ನು ಅಜ್ಜಿಯ ಸೀರೆಯ ಮೇಲೆ ಉಗುಳುತ್ತಿದ್ದಳು. ಬೆಳಗ್ಗೆ ಕುಡಿಸಿ ಹೋದರೆ ಮಧ್ಯಾಹ್ನದ ಹೊತ್ತಿಗೆ ಅತ್ತು ಅತ್ತು ದನಿ ಬೀಳುತ್ತಿತ್ತು. ಇತ್ತ ನನ್ನ ಕುಪ್ಪಸ ಒದ್ದೆಯಾಗಿ, ಎದೆ ಕಲ್ಲಾಗಿ, ಮಿಷನ್ ತುಳಿಯುವ ಕಾಲಿಗೂ ನೋವು ಇಳಿಯುತ್ತಿತ್ತು.

ಅದಕ್ಕೆ ನಾನು ಮಾಡಿಕೊಂಡ ದಾರಿ ಒಂದೇ. ಊಟದ ಬಿಡುವಿನಲ್ಲಿ ದೋಣಿ ಹತ್ತಿ ಈಚೆ ದಂಡೆಗೆ ಬರುವುದು. ಅತ್ತೆ ಕೂಸನ್ನೆತ್ತಿಕೊಂಡು ಜಾಲಿ ಮರದ ಕೆಳಗೆ ಬಂದಿರುತ್ತಿದ್ದರು. ಅಲ್ಲೇ ಕೂತು ಸೆರಗು ಮರೆಮಾಡಿ ಹಾಲು ಕುಡಿಸಿ ಅದೇ ದೋಣಿಯಲ್ಲಿ ವಾಪಸು ಹೋಗುವುದು. ಮಳೆಗಾಲದ ಮೊದಲಲ್ಲಿ, ನೀರು ಇನ್ನೂ ಕಡಿಮೆ ಇದ್ದಾಗ, ಕಾಕಾ ಹುಟ್ಟು ಹಾಕಿಯೇ ನನ್ನನ್ನು ಹೊತ್ತಿಗೆ ಸರಿಯಾಗಿ ತಲುಪಿಸುತ್ತಿದ್ದರು. ಶ್ರಾವಣದಲ್ಲಿ ನೀರು ತುಂಬಿತು. ದಾರಿ ಉದ್ದವಾಯಿತು. ಪಡುವಣ ಗಾಳಿ ಬೇರೆ ಬೀಸತೊಡಗಿತು. ಕಾಕಾನ ಭುಜ ಸೋತರೂ ದೋಣಿ ನಡುನೀರಿನಲ್ಲೇ ಇರುತ್ತಿತ್ತು. ನಾನು ತಿರುಗಿ ಅಂಗಡಿ ಸೇರುವಷ್ಟರಲ್ಲಿ ಉಳಿದವರು ಮಧ್ಯಾಹ್ನದ ಕೆಲಸದಲ್ಲಿ ಅರ್ಧ ಮುಗಿಸಿರುತ್ತಿದ್ದರು.

ಅನ್ನಪೂರ್ಣಾ ಅಕ್ಕ ಕೆಟ್ಟವರಲ್ಲ. ಒಂದು ದಿನ ನನ್ನನ್ನು ಬಟ್ಟೆ ಕತ್ತರಿಸುವ ಮೇಜಿನ ಹತ್ತಿರ ಕರೆದು ಮೆಲ್ಲಗೆ ಹೇಳಿದರು. "ನಾಗರತ್ನಾ, ನಿನ್ನಂಥಾ ಕೈ ನನಗ ಬೇಕವಾ. ಆದ್ರ ದಿನಾ ನಿನ್ನ ಮಿಷನ್ ಖಾಲಿ ಕುಂತ್ರ ಉಳದವ್ರು ನನ್ನ ಮಾರಿ ನೋಡತಾರ. ಅವ್ರಿಗೂ ಮಕ್ಕಳದಾವ. ದಸರಾ ಸೂಟಿ ಮಟಾ ನೋಡತೇನಿ. ಆವಾಗ್ಲೂ ಹಿಂಗ ಆದ್ರ ಕೂಸು ದೊಡ್ಡದಾಗು ಮಟಾ ನೀ ಮನ್ಯಾಗ ಇರು. ಆ ಮಿಷನ್‌ಗೆ ಬ್ಯಾರೇದವ್ರನ್ನ ಕುಂದರಸ್ತೇನಿ."

ಬೇರೆಯವರು ಕೂತ ಮೇಲೆ ಅವರನ್ನು ಎಬ್ಬಿಸಿ ನನ್ನನ್ನು ಕೂರಿಸುವುದು ಆಗುವ ಮಾತಲ್ಲ. ಅದು ಅವರಿಗೂ ಗೊತ್ತಿತ್ತು, ನನಗೂ. ಕೂಸಿನ ಹಾಲು ಅಥವಾ ನನ್ನ ಕೆಲಸ, ಎರಡರಲ್ಲಿ ಒಂದು ಹೋಗುವುದಿತ್ತು.

ದೋಣಿಯಲ್ಲಿ ಕೂತಾಗ ಕಾಕಾ ನನ್ನ ಮುಖ ನೋಡಿ ಕೇಳಿದರು, ನಾನು ಹೇಳಿದೆ. ಅವರು ಹುಟ್ಟು ಹಾಕುತ್ತಲೇ, "ಮೋಟಾರ ಬರಾಕತ್ತೈತವಾ. ಸೊಸೈಟ್ಯಾಗ ಮಾತಾಗೇತಿ. ತಡಿ" ಎಂದರು.

ಮೋಟಾರು ಬಂತು. ಕಾರವಾರದ ಕಡೆ ಸಮುದ್ರದಲ್ಲಿ ದುಡಿದ ಹಳೆಯದು. ದೋಣಿಯ ಹಿಂದಿನ ಹಲಗೆಗೆ ಸಿಕ್ಕಿಸಿ ಎರಡು ತಿರುಪು ಬಿಗಿಯುವಂಥದ್ದು. ತಲೆ ಮೇಲೆ, ಉದ್ದನೆಯ ಕಾಲು ನೀರಿನೊಳಗೆ, ಕಾಲಿನ ತುದಿಗೆ ಫ್ಯಾನು. ತಂದವನು ಅದನ್ನು ಚಾಲು ಮಾಡುವುದನ್ನೂ ಬಂದ್ ಮಾಡುವುದನ್ನೂ ತೋರಿಸಿ, ಪಕ್ಕದ ಸಣ್ಣ ತೂತಿನಿಂದ ನೀರು ಚಿಮ್ಮುತ್ತಿರಬೇಕು, ಅದು ನಿಂತರೆ ಮೋಟಾರು ಕಾದು ಸುಟ್ಟುಹೋಗುತ್ತದೆ ಎಂದು ಹೇಳಿ ಹೋದ. ಕಾಕಾ ಆ ಮಾತನ್ನು ತಮ್ಮದೇ ರೀತಿಯಲ್ಲಿ ನೆನಪಿಟ್ಟುಕೊಂಡರು. "ನಿನ್ನ ಕೂಸಿನ ಗತೆ ನೋಡವಾ. ಉಚ್ಚಿ ಹೊಯ್ಯಾಕತ್ತಿತ್ತಂದ್ರ ಆರಾಮ ಐತಿ ಅಂತ ತಿಳಕೋಬೇಕು."

ಆದರೆ ದೋಣಿ ಓಡಲಿಲ್ಲ. ಸದ್ದು ಮಾತ್ರ ಆಚೆ ದಂಡೆಗೂ ಕೇಳುವಷ್ಟು. ಮೂತಿ ಮೇಲಕ್ಕೆತ್ತಿಕೊಂಡು, ಹಿಂಭಾಗ ನೀರಿಗೆ ಊರಿಕೊಂಡು, ತುಂಬಿದ ಗಾಡಿಯನ್ನು ಏರಿಗೆ ಎಳೆದ ಹಾಗೆ ಹೋಗುತ್ತಿತ್ತು. ಹಿಂದೆ ಕೂತವರ ಸೀರೆ ಒದ್ದೆಯಾಗುತ್ತಿತ್ತು. ಹುಟ್ಟಿಗಿಂತ ತುಸು ಜೋರು, ಅಷ್ಟೇ. ಉಳ್ಳಾಗಡ್ಡಿ ವ್ಯಾಪಾರದ ವೀರಪ್ಪನವರು ಆಗಾಗ ಇದೇ ದೋಣಿಯಲ್ಲಿ ದಾಟುವವರು, ತುಂಬಿದ ಮೈಯ ಆಸಾಮಿ. ಅವರು, "ಸತ್ಯಪ್ಪಾ, ಇದು ಮೋಟಾರೋ ಇಲ್ಲಾ ಹಿಟ್ಟಿನ ಗಿರಣಿಯೋ? ಸಪ್ಪಳಾ ಕೇಳಿ ನಮ್ಮಾಕಿ ಜ್ವಾಳಾ ತಗೊಂಡ ಬಂದಾಳು" ಎಂದು ಹಂಗಿಸಿದರು.

ಕಾಕಾ ಅದಕ್ಕೆ ಮಾಡಿದ ಉಪಾಯವನ್ನು ಈಗ ನೆನೆಸಿಕೊಂಡರೆ ಅವರಿಗೇ ನಗು. ಎತ್ತಿನ ಹಿಂದೆ ನಡೆದ ಮನುಷ್ಯ ಅವರು. ರಂಟೆ ಹಗುರಾಗಿ ಮೇಲೆ ಮೇಲೆ ಜಾರಿದರೆ ಏನು ಮಾಡಬೇಕು? ಒತ್ತಿ ಹಿಡಿಯಬೇಕು, ಅದರ ಕಬ್ಬಿಣದ ಗುಳ ಆಳಕ್ಕಿಳಿಯಬೇಕು, ಆಗ ನೆಲ ಹಿಡಿಯುತ್ತದೆ. ಮೋಟಾರು ನೀರನ್ನು ಹಿಡಿಯುತ್ತಿಲ್ಲ, ಅದಕ್ಕೇ ದೋಣಿ ಓಡುತ್ತಿಲ್ಲ ಎಂದು ಅವರಿಗೆ ಅನ್ನಿಸಿತು. ಹಿಂದಿನ ಹಲಗೆಯ ಮೇಲಂಚನ್ನು ಗರಗಸದಿಂದ ಕೊಯ್ದು ಮೋಟಾರನ್ನು ಇನ್ನೂ ಕೆಳಗೆ ಇಳಿಸಿದರು. ಅದರ ಕಾಲನ್ನು ಹಿಂದೆ ಮುಂದೆ ವಾಲಿಸಲು ಒಂದು ಸಾಲು ತೂತುಗಳೂ ಒಂದು ಪಿನ್ನೂ ಇದ್ದವು. ಪಿನ್ನನ್ನು ಕೊನೆಯ ತೂತಿಗೆ ಹಾಕಿ ಕಾಲನ್ನು ಹಿಂದಕ್ಕೆ ಚಾಚಿದರು. ಸಾಲದ್ದಕ್ಕೆ ವೀರಪ್ಪನವರನ್ನು, "ರೀ, ಒಂದೀಟ ಹಿಂದ ಬಂದ ಕುಂದರ್ರಿ, ಭಾರ ಬೀಳಲಿ" ಎಂದು ಮೋಟಾರಿನ ಪಕ್ಕದಲ್ಲೇ ಕೂರಿಸಿಕೊಂಡರು.

ಅವತ್ತು ದೋಣಿಯ ಮೂತಿ ಆಕಾಶ ನೋಡಿತು. ಎದುರಿನ ದಂಡೆ ನಮಗೆ ಕಾಣಲೇ ಇಲ್ಲ. ಹಿಂದಿನಿಂದ ನೀರು ಒಳಗೆ ನುಗ್ಗಿ ವೀರಪ್ಪನವರ ಧೋತರ ಮೊಣಕಾಲಿನವರೆಗೆ ತೊಯ್ದಿತು. ನಾನು ಡಬ್ಬಿಯಿಂದ ನೀರು ಮೊಗೆದು ಚೆಲ್ಲುತ್ತಾ ಕೂತಿದ್ದೆ. ದೂರದಲ್ಲಿ ಕೂಸು ಅಳುವುದು ಮೊದಲು ಕೇಳಿಸಿತು, ಜಾಲಿ ಮರ ಕಂಡದ್ದು ಆಮೇಲೆ.

ದಂಡೆಗೆ ಬಂದು ಕೂಸನ್ನು ಎದೆಗೆ ಹಾಕಿಕೊಂಡೆ. ಕಾಕಾ ದೋಣಿಯಿಂದ ಇಳಿದು ಸೊಂಟಕ್ಕೆ ಕೈ ಇಟ್ಟು ಮೋಟಾರನ್ನೇ ನೋಡುತ್ತಾ ನಿಂತರು. ಶೆಟ್ಟೆವ್ವ ಮೀನು ಆರಿಸುತ್ತಲೇ ಕತ್ತೆತ್ತಿ, "ಅಲ್ರೀ, ನೀರಾಗ ರಂಟಿ ಹೊಡ್ಯಾಕತ್ತೀರೇನ? ಮಂದೀನ ದಾಟಸ್ರಿ ಅಂದ್ರ ಹೊಲಾ ಮಾಡಾಕ ಹೊಂಟೀರಿ. ಏನ ಬಿತ್ತಾವ್ರು, ಜ್ವಾಳಾನೋ ಕಡ್ಲಿನೋ?" ಎಂದರು.

ಅತ್ತೆಗೆ ನಗು ತಡೆಯಲಾಗಲಿಲ್ಲ. "ಬಿತ್ತಲಿ ಬಿಡ ಶೆಟ್ಟೆವ್ವ. ಸುಗ್ಗಿಗೆ ನಮಗೂ ಒಂದ ಚೀಲಾ ಕೊಟ್ಟಾರು."

"ಕೊಡತಾರ ಕೊಡತಾರ. ಮೀನಿನ ತೆನಿ ಬಿಡತೈತಿ." ಶೆಟ್ಟೆವ್ವ ಮೀನಿನ ಬುಟ್ಟಿ ಸರಿಸಿ ಗಂಡನ ಕಡೆ ತಿರುಗಿದರು. "ಆಳಕ್ಕ ಹಾಕಿದ್ರ ಎಳ್ಯಾಕ ಎತ್ತು ಬೇಕಲ್ರೀ? ಕುಂಟಿ ಹೊಡ್ದಂಗ ಮ್ಯಾಲ ಮ್ಯಾಲ ಹೋದ್ರ ಆಗೂದಿಲ್ಲೇನ?"

ಅವರು ಅಂದದ್ದು ಚೇಷ್ಟೆಗೆ. ರಂಟೆ ಎಂದರೆ ನೆಲವನ್ನು ಆಳವಾಗಿ ಸೀಳುವ ನೇಗಿಲು, ಜೋಡಿ ಎತ್ತಿನ ಬೆವರಿಳಿಸುವಂಥದ್ದು. ಕುಂಟೆಯದು ಬೇರೆ ನಡೆ. ಅದರ ಅಲಗು ಮಣ್ಣಿನ ಮೇಲ್ಪದರದ ಸ್ವಲ್ಪವೇ ಕೆಳಗೆ ಸವರುತ್ತಾ ಹೋಗಿ ಕಳೆ ಕೀಳುತ್ತದೆ. ಆಳಕ್ಕೆ ಹೋದರೆ ಬೆಳೆಯ ಬೇರೇ ಕಿತ್ತುಬರುತ್ತದೆ, ತೀರ ಮೇಲೆ ಬಂದರೆ ಬರೀ ಧೂಳು. ಊರಿನ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಕಾ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. "ಕುಂಟಿ" ಎಂದು ಒಮ್ಮೆ ತಮಗೆ ತಾವೇ ಅಂದುಕೊಂಡರು. ವಾಪಸು ನನ್ನನ್ನು ಬಿಡುವಾಗ ದಾರಿಯುದ್ದಕ್ಕೂ ತಿರುತಿರುಗಿ ಮೋಟಾರಿನ ಕಾಲನ್ನೇ ನೋಡುತ್ತಿದ್ದರು.

ಅವರ ಮಗ ಆಕಾಶ ಬೈಲಹೊಂಗಲದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಅಪ್ಪ ಫೋನಿನಲ್ಲಿ ಕಷ್ಟ ಹೇಳಿಕೊಂಡಾಗ ಅವನು ಎಲ್ಲಿಂದಲೋ ಒಂದು ವಿಡಿಯೋ ಹುಡುಕಿ ಕಳಿಸಿದ. ಅದರಲ್ಲಿ ಮಾತಾಡುವವನ ಭಾಷೆ ನಮಗೆ ಯಾರಿಗೂ ತಿಳಿಯಲಿಲ್ಲ. ಆದರೆ ಅವನ ಕೈ ತಿಳಿಯಿತು. ಮೋಟಾರಿನ ಫ್ಯಾನಿನ ಮೇಲೆ ಒಂದು ಚಪ್ಪಟೆ ತಟ್ಟೆ ಇರುತ್ತದಲ್ಲ, ಅವನು ದೋಣಿಯ ತಳಕ್ಕೆ ಅಂಗೈ ಹಚ್ಚಿ ಸೀದಾ ಹಿಂದಕ್ಕೆ ತಂದು ಆ ತಟ್ಟೆಗೆ ಮುಟ್ಟಿಸಿ ತೋರಿಸಿದ. ತಳ ಮತ್ತು ತಟ್ಟೆ ಸಮ. ಕಾಕಾ ಆ ಭಾಗವನ್ನು ಮತ್ತೆ ಮತ್ತೆ ನೋಡಿ, "ಇವನೂ ಕುಂಟಿ ಹೊಡದಾಂವನ ಇರಬೇಕು" ಎಂದರು.

ಭಾನುವಾರ ಅಂಗಡಿಗೆ ರಜೆ. ಕೂಸನ್ನು ಸೊಂಟದ ಮೇಲೆ ಇಟ್ಟುಕೊಂಡು ನಾನೂ ದಂಡೆಗೆ ಹೋದೆ. ಕಾಕಾ ದೋಣಿಯನ್ನು ಅರ್ಧ ಮೇಲೆಳೆದು ತಳಕ್ಕೆ ಉದ್ದನೆಯ ಪಟ್ಟಿ ಹಿಡಿದು ನೋಡಿದರು. ತಟ್ಟೆ ತಳಕ್ಕಿಂತ ಒಂದು ಗೇಣು ಕೆಳಗಿತ್ತು. ಸಮುದ್ರದ ಎತ್ತರದ ದೋಣಿಗೆ ಮಾಡಿದ ಮೋಟಾರು ಅದು. ನಮ್ಮ ತಗ್ಗು ದೋಣಿಗೆ ಅದರ ಕಾಲೇ ಉದ್ದ. ಸಾಲದ್ದಕ್ಕೆ ಕಾಕಾ ಹಿಂದಿನ ಹಲಗೆಯನ್ನೂ ಕೊಯ್ದು ಅದನ್ನು ಇನ್ನೂ ಇಳಿಸಿದ್ದರು. "ಹುಡುಗನ ಚಡ್ಡಿ ಮೊದಲ ಗಿಡ್ಡ, ಮ್ಯಾಲ ನಾನು ಕತ್ರಿ ಆಡಿಸೇನಿ" ಎಂದು ನನ್ನ ಕಸುಬಿನ ಮಾತಿನಲ್ಲೇ ಹೇಳಿ ನಕ್ಕರು.

ಕೊಯ್ದ ಜಾಗದ ಮೇಲೆ ಜಾಲಿಯ ದಪ್ಪ ಹಲಗೆ ಕೂರಿಸಿ ಬೋಲ್ಟ್ ಹಾಕಿ ಮೋಟಾರನ್ನು ಮೇಲಕ್ಕೇರಿಸಿದರು. ಕಾಲನ್ನು ನೆಟ್ಟಗೆ ನಿಲ್ಲಿಸಬೇಕಿತ್ತು. ಕಣ್ಣಳತೆಗೆ ಸಿಗಲಿಲ್ಲ, ದೋಣಿಯೇ ಓರೆಯಾಗಿ ನಿಂತಿತ್ತು. ಮತ್ತೆ ನೀರಿಗೆ ತಳ್ಳಿ ತೇಲಿಸಿದರು. ನನ್ನ ಚೀಲದಲ್ಲಿ ದಾರ ಸುತ್ತಿದ ಬಾಬಿನ್ ಇತ್ತು, ಕಬ್ಬಿಣದ್ದು. ದಾರ ಬಿಚ್ಚಿ ಬಾಬಿನ್ ಇಳಿಬಿಟ್ಟು ಕೊಟ್ಟೆ, ಗೌಂಡಿಗಳು ಗೋಡೆ ನೋಡುವ ಹಾಗೆ. ಕಾಕಾ ದಾರವನ್ನು ಕಾಲಿನ ಪಕ್ಕ ಹಿಡಿದು, ಪಿನ್ನನ್ನು ಒಂದೊಂದೇ ತೂತು ಬದಲಿಸುತ್ತಾ ಬಂದರು. ಕಾಲೂ ದಾರವೂ ಒಂದೇ ನೇರಕ್ಕೆ ಬಂದಾಗ ನಿಲ್ಲಿಸಿದರು. ಕೂಸು ಆ ಬಾಬಿನ್‌ಗೆ ಕೈ ಚಾಚಿ ಚಾಚಿ ನನ್ನ ಸೊಂಟದಿಂದ ಜಾರುವುದರಲ್ಲಿತ್ತು. ಅತ್ತೆ ಬುತ್ತಿ ಬಿಚ್ಚುತ್ತಿದ್ದರು. ಶೆಟ್ಟೆವ್ವ ಎದ್ದು ಕೈ ತೊಳೆದು ಬಂದು ನನ್ನಿಂದ ಕೂಸನ್ನು ಎತ್ತಿಕೊಂಡರು. ಮೊದಲೆಲ್ಲ ಅತ್ತೆ, ಮೀನು ಮುಟ್ಟುವವರೆಂದು, ಅವರಿಂದ ತುಸು ದೂರ ಸೆರಗು ಹಾಸಿ ಕೂರುತ್ತಿದ್ದವರು. ಅವತ್ತು ಬುತ್ತಿಯ ರೊಟ್ಟಿಯನ್ನು ಶೆಟ್ಟೆವ್ವನ ಕಡೆಗೂ ಸರಿಸಿ, "ನೀನೂ ಉಣ್ಣ ಬಾ. ಅವ್ರ ಮೋಟಾರ ಮುಗಿಯೂದಲ್ಲ" ಎಂದರು.

ಮೊದಲ ಸಲ ಚಾಲು ಮಾಡಿದಾಗ ಮೋಟಾರು ಕಿರುಚಿತು. ಫ್ಯಾನು ಬುಳುಬುಳು ನೊರೆ ಎಬ್ಬಿಸಿತು, ದೋಣಿ ಜಾಗ ಬಿಟ್ಟು ಕದಲಲಿಲ್ಲ. ಪಕ್ಕದ ತೂತಿನಿಂದ ನೀರೂ ಬರಲಿಲ್ಲ. ಕಾಕಾ ತಕ್ಷಣ ಬಂದ್ ಮಾಡಿದರು. "ಧೂಳ ಎಬ್ಬಿಸಾಕತ್ತೈತಿ" ಎಂದರು. ಹಲಗೆ ದಪ್ಪವಾಗಿ ಮೋಟಾರು ಮೇಲೆ ಬಂದುಬಿಟ್ಟಿತ್ತು, ಫ್ಯಾನು ನೀರಿನ ಬದಲು ಗಾಳಿ ತಿನ್ನುತ್ತಿತ್ತು. ಹಲಗೆ ಬಿಚ್ಚಿ ಬಾಚಿಯಿಂದ ಕೆತ್ತಿದರು. ಮತ್ತೆ ಹಾಕಿದರು. ಇನ್ನೂ ತುಸು ಕೆತ್ತಿದರು. ಕೊನೆಗೆ ತಟ್ಟೆ ದೋಣಿಯ ತಳಕ್ಕಿಂತ ಒಂದು ಬೆರಳಿನಷ್ಟು ಕೆಳಗೆ ನಿಂತಿತು. ಆ ಒಂದು ಬೆರಳು ಯಾಕೆ ಎಂದು ಕೇಳಿದೆ. "ತೆರಿ ಬಂದಾಗ ಹಿಂಭಾಗ ಏಳತೈತಿ. ಆವಾಗ ಗಾಳಿ ಕುಡೀಬಾರದು" ಎಂದರು. ತಿರುಪು ಬಿಗಿದು, ಎಲ್ಲಾದರೂ ಕಳಚಿದರೆ ಮುಳುಗದಿರಲೆಂದು ಮೋಟಾರಿಗೂ ದೋಣಿಗೂ ಸರಪಳಿ ಕಟ್ಟಿದರು.

ನಿಜವಾದ ಪರೀಕ್ಷೆ ಸೋಮವಾರ ಮಧ್ಯಾಹ್ನ. ಗಾಳಿ ಇತ್ತು, ಜನವೂ ಇದ್ದರು. ವೀರಪ್ಪನವರು ಹಿಂದಿನ ಸಲದ ನೆನಪಿನಲ್ಲಿ ಧೋತರ ಎತ್ತಿಕಟ್ಟಿಕೊಂಡೇ ಹತ್ತಿ ಹಿಂದೆ ಕೂರಲು ಹೋದರು. ಕಾಕಾ ತಡೆದರು. "ಮುಂದ ಹೋಗ್ರಿ. ನಿಮ್ಮ ಜಾಗಾ ಬದಲಾಗೇತಿ."

"ಯಾಕಪಾ, ನನಗ ಪ್ರಮೋಷನ್ ಆತೇನ?"

"ಹೌದ್ರಿ. ಇನ್ನ ಮ್ಯಾಲ ನೀವ ದೋಣಿ ಮೂತಿ ಹಿಡ್ಯಾವ್ರು."

ವೀರಪ್ಪನವರು ಮುಂದೆ ಕೂತರು, ಅವರ ಚೀಲಗಳು ನಡುವೆ ಬಂದವು, ನಾನು ಹಿಂದೆ. ಕಾಕಾ ಹಗ್ಗ ಜಗ್ಗಿದರು. ದೋಣಿ ಮೊದಲು ಸ್ವಲ್ಪ ಮೂತಿ ಎತ್ತಿತು, ಆಮೇಲೆ ತಾನಾಗಿ ಇಳಿಸಿಕೊಂಡು ಸಮನಾಯಿತು. ಸದ್ದು ಮೊದಲಿನ ಗಿರಣಿಯದಲ್ಲ, ಒಂದೇ ದನಿಯ ಗುಂಯ್ ಅನ್ನುವುದು. ಎದುರು ದಂಡೆ ಪೂರ್ತಿ ಕಾಣುತ್ತಿತ್ತು, ಕಾಣುತ್ತಾ ದೊಡ್ಡದಾಗುತ್ತಿತ್ತು. ನಮ್ಮ ಹಿಂದೆ ನೀರಿನ ಮೇಲೆ ಸಣ್ಣ ಗೀರೊಂದು ನೆಟ್ಟಗೆ ಬರುತ್ತಿತ್ತು. ವೀರಪ್ಪನವರು ಕಟ್ಟಿದ ಧೋತರ ಮೆಲ್ಲಗೆ ಬಿಚ್ಚಿ ಇಳಿಬಿಟ್ಟುಕೊಂಡರು.

ಜಾಲಿ ಮರದ ಕೆಳಗೆ ಹೋದಾಗ ಕೂಸು ಇನ್ನೂ ಅಳಲು ಶುರು ಮಾಡಿರಲಿಲ್ಲ. ಅಜ್ಜಿಯ ಕೊರಳಿನ ಲಿಂಗದ ದಾರ ಜಗ್ಗುತ್ತಾ ಕೂತಿದ್ದಳು. ನನ್ನನ್ನು ನೋಡಿ ಬಾಯಿ ತೆರೆದಳು. ಅವಳು ಕುಡಿದಳು, ಒಂದು ಕಡೆ ಮುಗಿಸಿ ಇನ್ನೊಂದು ಕಡೆಯೂ ಕುಡಿದಳು, ಕಣ್ಣು ಮುಚ್ಚಿ ಬಾಯಿ ಸಡಿಲ ಬಿಟ್ಟು ಮಲಗಿದಳು. ಎಷ್ಟೋ ದಿನದ ಮೇಲೆ ನಾನು ಅವಳ ತಲೆಯ ಮೇಲಿನ ಬೆವರು ಒರೆಸುವಷ್ಟು ಪುರುಸೊತ್ತಿನಲ್ಲಿ ಕೂತಿದ್ದೆ.

ಅಂಗಡಿಗೆ ತಿರುಗಿ ಹೋದಾಗ ಉಳಿದವರು ಇನ್ನೂ ಊಟದ ಡಬ್ಬಿ ತೊಳೆಯುತ್ತಿದ್ದರು. ಅನ್ನಪೂರ್ಣಾ ಅಕ್ಕ ಗಡಿಯಾರ ನೋಡಿದರು, ನನ್ನನ್ನು ನೋಡಿದರು. ಕಾಲರುಗಳ ಒಂದು ರಾಶಿಯನ್ನು ನನ್ನ ಮಿಷನ್ ಕಡೆ ಸರಿಸಿದರು. ದಸರಾ ಬಂದು ಹೋಯಿತು. ನನ್ನ ಮಿಷನ್ ನನ್ನದೇ ಆಗಿ ಉಳಿಯಿತು.

ಕಾಕಾನಿಗೆ ಏನು ಕೊಟ್ಟರೂ ಒಲ್ಲೆನ್ನುತ್ತಿದ್ದರು. ದೋಣಿಯಲ್ಲಿದ್ದ ಲೈಫ್ ಜಾಕೆಟ್‌ಗಳ ಪಟ್ಟಿ ಹರಿದು ಯಾರೂ ಹಾಕಿಕೊಳ್ಳದೆ ಮೂಲೆಗೆ ಬಿದ್ದಿದ್ದವು. ಒಂದು ದಿನ ಅವನ್ನೆಲ್ಲ ಕಟ್ಟಿಕೊಂಡು ಹೋಗಿ ಕೆಲಸ ಮುಗಿದ ಮೇಲೆ ಗಟ್ಟಿ ಪಟ್ಟಿ ಹಾಕಿ ಹೊಲಿದು ತಂದೆ. ಕಾಕಾ ಜಗ್ಗಿ ನೋಡಿ, "ಇದು ಹರಿಯೂದಿಲ್ಲ ಬಿಡು" ಎಂದರು. ಅಷ್ಟು ದೊಡ್ಡ ಮೆಚ್ಚುಗೆಯ ಮಾತು ಅವರ ಬಾಯಿಂದ ನಾನು ಕೇಳಿದ್ದು ಅದೊಂದೇ ಸಲ. ಅವತ್ತಿನಿಂದ ಜಾಕೆಟ್ ಹಾಕಿಕೊಳ್ಳದವರಿಗೆ ದೋಣಿ ಇಲ್ಲ.

ಸಂಕ್ರಾಂತಿಯ ಹೊತ್ತಿಗೆ ಕೂಸು ಹಾಲಿನಲ್ಲಿ ನೆನೆಸಿದ ರೊಟ್ಟಿ ತಿನ್ನತೊಡಗಿದಳು, ಗಂಜಿಯನ್ನೂ ಉಗುಳದೆ ನುಂಗಿದಳು. ಬೆಳಗ್ಗೆ ರಾತ್ರಿ ಹಾಲು ಸಾಕಾಯಿತು. ಒಂದು ಸಂಜೆ ದೋಣಿಯಿಂದ ಇಳಿಯುತ್ತಾ, "ಕಾಕಾ, ನಾಳಿಂದ ಮಧ್ಯಾಹ್ನ ನಾ ಬರೂದಿಲ್ರಿ. ಕೂಸು ಉಣ್ಣಾಕತ್ತಾಳ" ಎಂದೆ.

ಕಾಕಾ ತಲೆಯಾಡಿಸಿದರು. ಶೆಟ್ಟೆವ್ವ ಬುಟ್ಟಿ ಎತ್ತಿಕೊಳ್ಳುತ್ತಾ, "ಛಲೋ ಆತಳವಾ. ಇನ್ನ ನಮ್ಮನಿಯವ್ರೂ ಹೊತ್ತಿಗೆ ಸರಿ ಬಿಸಿ ರೊಟ್ಟಿ ಉಣ್ಣತಾರ" ಎಂದರು.

ನನಗೆ ಅರ್ಥವಾಗಲಿಲ್ಲ. ಅವರೇ ಹೇಳಿದರು. ಮಧ್ಯಾಹ್ನಕ್ಕೆ ದೋಣಿ ಎಂಬುದು ಮೊದಲು ಇರಲೇ ಇಲ್ಲವಂತೆ. ಆ ಹೊತ್ತಿಗೆ ಕಾಕಾ ದೋಣಿ ಕಟ್ಟಿಹಾಕಿ ಮನೆಗೆ ಹೋಗಿ ಉಂಡು ಒಂದಿಷ್ಟು ಅಡ್ಡಾಗಿ ಬರುತ್ತಿದ್ದರಂತೆ. ನಾನು ಕೂಸಿನ ಸಲುವಾಗಿ ಬರತೊಡಗಿದ ಮೇಲೆ ಆ ಸುತ್ತು ಶುರುವಾದದ್ದು. ದೋಣಿ ಹೇಗೂ ಹೊರಡುತ್ತದೆ ಎಂದು ವೀರಪ್ಪನವರಂಥವರು ಹತ್ತತೊಡಗಿದ್ದು ಆಮೇಲೆ. ಹುಟ್ಟು ಹಾಕುತ್ತಿದ್ದ ದಿನಗಳಲ್ಲಿ ಇಳಿಹೊತ್ತಾದ ಮೇಲೆ ತಣ್ಣನೆಯ ರೊಟ್ಟಿ ತಿನ್ನುತ್ತಿದ್ದರಂತೆ.

"ಕಾಕಾ, ನನಗ ಒಂದ ಮಾತ ಯಾಕ ಹೇಳಲಿಲ್ರಿ?"

ಕಾಕಾ ಹಗ್ಗದ ಗಂಟು ಬಿಗಿಯುತ್ತಿದ್ದರು. "ಹೇಳಿದ್ರ ನೀ ದೋಣಿ ಹತ್ತತಿದ್ದೇನವ್ವ?"

ಹತ್ತುತ್ತಿರಲಿಲ್ಲ. ಅದು ಅವರಿಗೆ ಗೊತ್ತಿತ್ತು. ಅವರು ಗಂಟು ಮುಗಿಸಿ, ಕೈ ಒರೆಸಿಕೊಂಡು, "ನಡಿ, ಕೂಸು ದಾರಿ ನೋಡತಿರತೈತಿ" ಎಂದರು.

ಮಾರನೆಯ ಮಧ್ಯಾಹ್ನ ಅಂಗಡಿಯಲ್ಲಿ ಮಿಷನ್‌ಗಳು ನಿಂತವು. ಕಿಟಕಿಯ ಹತ್ತಿರ ಸ್ವಲ್ಪ ಹೊತ್ತು ನಿಂತು ಕೇಳಿದೆ. ನೀರಿನ ಕಡೆಯಿಂದ ಯಾವ ಸದ್ದೂ ಬರಲಿಲ್ಲ. ಕಾಕಾ ಮನೆಯಲ್ಲಿ ಊಟಕ್ಕೆ ಕೂತಿರಬೇಕು. ನಾನೂ ಉಳಿದವರ ನಡುವೆ ಜಾಗ ಮಾಡಿಕೊಂಡು ಬುತ್ತಿ ಬಿಚ್ಚಿದೆ.